ಕಿಚ್ಚು ಆರಬಾರದು, ಕೊಂಡ ದುಡುಕಬಾರದು

ಹರಿಹರದ ಆ ಓಣಿಯಲ್ಲಿ ಬರೀ ಹುಮಾ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕೌದಿ ಹೊಲಿಯುವ ಹುಮಾ ಎಂದರೆ ಮನೆ ಬಾಗಿಲ ತನಕ ಬಂದು ತೋರಿಸಿ ಹೋಗುತ್ತಾರೆ. ಹಳೆ ಸೀರೆ, ಹಳೆ ಪಂಚೆ, ಏನು ಕೊಟ್ಟರೂ ಚಂದದ ಕೌದಿ ಮಾಡಿಕೊಡುತ್ತಾಳೆ. ಮಾತು ಕಡಿಮೆ. ಹೊಲಿಯುವಾಗ ತುಟಿಯಲ್ಲಿ ದಾರ ಕಚ್ಚಿಕೊಂಡಿರುವುದರಿಂದ ಇನ್ನೂ ಕಡಿಮೆ. "ಪಾಪ, ಬಾಯಿಲ್ಲದ ಹೆಂಗಸು" ಎಂದು ಓಣಿಯವರು ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪಾಪವಂತೆ! ದಾವಣಗೆರೆಯ ವಿನೋಬನಗರದ ಸೈಬರ್ ಕೆಫೆಯಲ್ಲಿ ಕೂತು ಇವಳು ಒಂದು ಕಾಲಕ್ಕೆ ರಾಕ್ಷಸರನ್ನು ಸುಟ್ಟು ಬೂದಿ ಮಾಡುತ್ತಿದ್ದುದನ್ನು ಅವರು ಕಂಡಿದ್ದರೆ ಹಾಗನ್ನುತ್ತಿರಲಿಲ್ಲ.

ನಾನು ಕಂಡಿದ್ದೇನೆ. ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ನನ್ನ ಹೆಸರು ರೇವತಿ, ಈಗ ಎಸ್.ಎಸ್. ಬಡಾವಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದೇನೆ. ಕೈಯಲ್ಲಿ ಗಿರಾಕಿಯ ಹುಬ್ಬು, ಬಾಯಲ್ಲಿ ಊರಿನ ಸುದ್ದಿ, ಇದು ನನ್ನ ದಿನಚರಿ. ಹುಮಾಳದು ಸುದ್ದಿಯಾಗುವ ಬದುಕಲ್ಲ. ಆದರೂ ಅವಳ ಬಗ್ಗೆ ಯಾರಾದರೂ ಬರೆಯಬೇಕು, ಬೇರೆ ಯಾರೂ ಬರೆಯುವಂತೆ ಕಾಣುತ್ತಿಲ್ಲವಾದ್ದರಿಂದ ನಾನೇ ಕೂತಿದ್ದೇನೆ.

ಹುಮಾಳ ಅಪ್ಪ ಬಡೇಸಾಬ್ ಕಾಕಾ ವಿನೋಬನಗರದಲ್ಲಿ ಗಾದಿ ಅಂಗಡಿ ಇಟ್ಟಿದ್ದರು. ಪಿಂಜಾರರ ಮನೆ, ತಲೆತಲಾಂತರದಿಂದ ಹತ್ತಿ ಹಿಂಜುವ ಕಸುಬು, ಮನೆಯೊಳಗೂ ಹೊರಗೂ ಮಾತೆಲ್ಲ ನಮ್ಮ ಹಾಗೇ ಕನ್ನಡ. ಬಾಡಿಗೆ ಮಳಿಗೆ ಸಣ್ಣದು. ಒಳಗೆ ಹಿಂಜುವ ಮಷಿನ್ ಶುರುವಾದರೆ ಅರಳೆ ಎದ್ದು ಕಾಕಾನ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಬೆಳ್ಳಗಾಗುತ್ತಿತ್ತು. ಮದುವೆ ಕಾಲದಲ್ಲಿ ಸುತ್ತಲ ಹಳ್ಳಿಯವರು ತಮ್ಮ ಹೊಲದ್ದೇ ಹತ್ತಿಯನ್ನು ಮೂಟೆ ಕಟ್ಟಿ ತಂದು ಮಗಳಿಗೆ ಗಾದಿ, ಅಳಿಯನಿಗೆ ದಿಂಬು ಎಂದು ಮಾಡಿಸಿಕೊಂಡು ಹೋಗುತ್ತಿದ್ದರು. ಹುಮಾಳ ತಾಯಿ ಬೇಗ ತೀರಿಕೊಂಡಿದ್ದರು. ಹೀಗಾಗಿ ಅವಳೂ ಅವಳ ಅಣ್ಣ ದಾನಿಶನೂ ಆ ಅರಳೆಯ ರಾಶಿಯಲ್ಲೇ ಬಿದ್ದು ಎದ್ದು ಬೆಳೆದರು. ಅದೆಷ್ಟು ಮೆತ್ತಗಿನ ಬಾಲ್ಯ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಂಗಡಿಯ ಪಕ್ಕದ ಮಳಿಗೆಯೇ ಚೌಡೇಶಣ್ಣನ ಸೈಬರ್ ಕೆಫೆ. ಹಸಿರು ಪರದೆ, ಸದಾ ಜಿಗುಟು ಕೀಬೋರ್ಡು, ಫ್ಯಾನಿನ ಕೆಳಗೆ ಮಂಡಕ್ಕಿ ಮಿರ್ಚಿಯ ವಾಸನೆ. ಕಾಲೇಜು ಮುಗಿಸಿ ಕೆಲಸ ಸಿಗದೆ ತಿರುಗುತ್ತಿದ್ದ ದಾನಿಶಣ್ಣ ಅಲ್ಲಿ ಒಂದು ಆಟ ಹಿಡಿದಿದ್ದ. ಅದರ ಇಂಗ್ಲಿಷ್ ಹೆಸರಿಗೆ ನಮ್ಮ ನಾಲಿಗೆ ತಿರುಗುತ್ತಿರಲಿಲ್ಲ, ಗೋಪುರ ಎಂದೇ ಕರೆಯುತ್ತಿದ್ದೆವು. ಬೇರೆ ಬೇರೆ ಕಂಪ್ಯೂಟರಿನಲ್ಲಿ ಕೂತ ನಾಲ್ಕು ಜನ ಒಂದೇ ತಂಡವಾಗಿ ಗೋಪುರ ಹತ್ತಬೇಕು, ಪ್ರತಿ ಅಂತಸ್ತಿನಲ್ಲಿ ಒಬ್ಬ ರಾಕ್ಷಸನನ್ನು ಕೆಡವಬೇಕು. ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನುವವನು ದಾನಿಶಣ್ಣ. ಅವನೇ ನಾಯಕ. ದೂರದಿಂದ ಬಾಣ ಹೊಡೆಯುವವನು ಚೌಡೇಶಣ್ಣ. ಗಾಯ ಮಾಯಿಸುವ ಮದ್ದಿನವಳು ನಾನು. ಆದರೆ ರಾಕ್ಷಸ ಸಾಯಬೇಕಾದರೆ ಒಬ್ಬ ಮಂತ್ರಗಾರ ಬೇಕು, ಬೆಂಕಿಯಿಂದ ಅವನನ್ನು ಕರಗಿಸುವವನು. ಆ ಜಾಗಕ್ಕೆ ಯಾರೂ ಸಿಗದೆ ದಾನಿಶಣ್ಣ ತಂಗಿಯನ್ನು ಎಳೆದುಕೊಂಡು ಬಂದ. ಅವಳ ಕೈಯಲ್ಲಿ ಇನ್ನೂ ದಬ್ಬಣ ಇತ್ತು.

ಮೊದಮೊದಲು ಅವಳು ಕಂಡ ಕಂಡ ಗುಂಡಿ ಒತ್ತುತ್ತಿದ್ದಳು. ಚೌಡೇಶಣ್ಣ ಇಂಟರ್ನೆಟ್ಟಿನಲ್ಲಿ ಹುಡುಕಿ, ಮಂತ್ರಗಾರ ಯಾವ ಮಂತ್ರದ ಹಿಂದೆ ಯಾವುದು ಹಾಕಬೇಕು ಎಂದು ಒಂದು ಸರದಿ ಹೇಳಿಕೊಟ್ಟ. ಒಂದು, ಎರಡು, ಮೂರು, ಮತ್ತೆ ಒಂದು. ಹುಮಾ ಅದನ್ನು ಬಾಯಿಪಾಠ ಮಾಡಿದಳು. ರಾಕ್ಷಸ ಮಾತ್ರ ನಮ್ಮ ಸರದಿಯನ್ನು ಓದಿಕೊಂಡು ಬಂದಿರಲಿಲ್ಲ. ಅವನು ನಡುವೆ ನೆಗೆಯುತ್ತಿದ್ದ, ಓಡುತ್ತಿದ್ದ, ಇವಳ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು ಮಾಡುವಷ್ಟರಲ್ಲಿ ನಾವೆಲ್ಲ ನೆಲಕಚ್ಚುತ್ತಿದ್ದೆವು.

ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಅದನ್ನು ಅಂಗಡಿಯಲ್ಲಿ ಗಾದಿ ಹೊಲಿಯುತ್ತ ನನಗೆ ವಿವರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಂತ್ರಗಳಿಗೆ ಅವಳೇ ಹೆಸರಿಟ್ಟಿದ್ದಳು. ರಾಕ್ಷಸನ ಮೈಗೆ ಹಚ್ಚಿದರೆ ನಿಧಾನಕ್ಕೆ ಉರಿಯುತ್ತಲೇ ಇರುವುದು ಕಿಚ್ಚು. ಒಂದರ ಹಿಂದೊಂದು ಎಸೆಯುತ್ತ ಇರಬಹುದಾದ ಸಾದಾ ಮಂತ್ರ ಕೆಂಡ. ಕೆಂಡ ಎಸೆಯುವಾಗ ಅದೃಷ್ಟವಿದ್ದರೆ ಆಗೊಮ್ಮೆ ಈಗೊಮ್ಮೆ ಪುಕ್ಕಟೆಯಾಗಿ ಹುಟ್ಟುವುದು ಸಿಡಿ. ಹುಟ್ಟಿದ ಕೂಡಲೇ ಹಾಕಬೇಕು, ಇಲ್ಲವಾದರೆ ಹಾಳು. ಮತ್ತೊಂದು ದೊಡ್ಡದು, ತಯಾರಾಗಲು ಬಹಳ ಹೊತ್ತು ಹಿಡಿಯುವುದು, ಬಿದ್ದರೆ ರಾಕ್ಷಸನ ಅರ್ಧ ಜೀವ ತೆಗೆಯುವುದು. ಅದು ಕೊಂಡ.

"ಸರದಿ ಅಲ್ಲ ಕಣೆ ಇದು, ಯಾವ್ದು ಮುಖ್ಯ ಅನ್ನೋದಷ್ಟೇ" ಎಂದಳು ಹುಮಾ. "ಮನ್ಯಾಗೆ ನೋಡು. ಹಾಲು ಉಕ್ತಾ ಐತೆ, ಬಾಗ್ಲಾಗೆ ಯಾರೋ ಕೂಗ್ತಾರೆ, ಕಸ ಗುಡಿಸೋದು ಐತೆ. ಮೊದ್ಲು ಏನ್ ಮಾಡ್ತಿ?"

"ಹಾಲು ಇಳಿಸ್ತೀನಿ."

"ಹಾಲು ಉಕ್ತಾ ಇಲ್ಲ ಅಂದ್ರೆ?"

"ಬಾಗ್ಲು ತೆಗೀತೀನಿ. ಯಾರೂ ಇಲ್ಲ ಅಂದ್ರೆ ಕಸ ಗುಡಿಸ್ತೀನಿ. ಅದರಾಗೇನ್ ಐತೆ?"

"ಅಷ್ಟೇ ಮತ್ತೆ. ಪ್ರತಿ ಸಲ ಕೈ ಖಾಲಿ ಆದಾಗ ಮ್ಯಾಲಿಂದ ಕೇಳ್ಕೋಬೇಕು. ಕಿಚ್ಚು ಆರಾಕ ಬಂತಾ? ಬಂದ್ರೆ ಅದು ಮೊದ್ಲು. ಇಲ್ಲಾ, ಸಿಡಿ ಹುಟ್ಟೈತಾ? ಹುಟ್ಟಿದ್ರೆ ಅದು. ಇಲ್ಲಾ, ಕೊಂಡ ತಯಾರೈತಾ, ಹಾಕೋ ಹೊತ್ತು ಬಂದೈತಾ? ಬಂದಿದ್ರೆ ಅದು. ಯಾವ್ದೂ ಇಲ್ಲ ಅಂದ್ರೆ ಕೆಂಡ. ಸುಮ್ನೆ ಮಾತ್ರ ನಿಲ್ಲಬಾರ್ದು."

ಇದನ್ನೇ ಅವಳು ಮಗ್ಗಿಯಂತೆ ಮಾಡಿಕೊಂಡಿದ್ದಳು. ಕಿಚ್ಚು ಆರಬಾರದು, ಸಿಡಿ ಕೊಳೆಯಬಾರದು, ಕೊಂಡ ದುಡುಕಬಾರದು, ಉಳಿದದ್ದೆಲ್ಲ ಕೆಂಡ. ಆಡುವಾಗ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಗಾದಿಯ ಮೂಲೆ ಹಿಡಿದು ಹೊಲಿಯುವಾಗ ಇರುತ್ತಿದ್ದ ಅದೇ ಮುಖ, ಹುಬ್ಬು ಗಂಟು, ಕಣ್ಣು ಮಾತ್ರ ಮಿಂಚು. ಅವಳು ಎಷ್ಟು ಚೆಲುವೆ ಎಂದು ನನಗೆ ಗೊತ್ತಾದದ್ದು ಅಲ್ಲಿ, ಆ ಜಿಗುಟು ಕೀಬೋರ್ಡಿನ ಮುಂದೆ. ಈಗ ಮದುಮಗಳ ಅಲಂಕಾರಕ್ಕೆಂದು ಗಂಟೆಗಟ್ಟಲೆ ಮೆತ್ತುತ್ತೇನಲ್ಲ, ಆ ಕಳೆ ತರಲು ನನ್ನ ಯಾವ ಡಬ್ಬಿಗೂ ಆಗಿಲ್ಲ.

ಅವಳಿಂದಾಗಿ ನಾವು ಗೋಪುರ ಹತ್ತಿದೆವು. ಒಂದೊಂದೇ ಅಂತಸ್ತು. ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದರೆ ಚೌಡೇಶಣ್ಣ ಉಳಿದ ಗಿರಾಕಿಗಳನ್ನೆಲ್ಲ ಎಬ್ಬಿಸಿ ಕಳಿಸಿ, ನಮ್ಮ ನಾಲ್ಕು ಕಂಪ್ಯೂಟರ್ ಮಾತ್ರ ಉಳಿಸುತ್ತಿದ್ದ. ಬಡೇಸಾಬ್ ಕಾಕಾ ಗೋಡೆಯಾಚೆಯಿಂದ "ಏ ಹುಮಾ, ದಿಂಬು ಹೊಲದ್ಯಾ?" ಎಂದು ಕೂಗಿದರೆ ದಾನಿಶಣ್ಣ ಹೆಡ್‌ಫೋನ್ ತೆಗೆಯದೆ "ಹೊಲದಾಳ ಅಪ್ಪಾ" ಎಂದು ಸುಳ್ಳು ಹೇಳುತ್ತಿದ್ದ. ಆ ದಿನಗಳನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ. ಅದಕ್ಕಿಂತ ದೊಡ್ಡ ಸುಖ ನನಗೆ ಆಮೇಲೆ ಸಿಕ್ಕಿಲ್ಲ. ನನ್ನ ಗಂಡ ಇದನ್ನು ಓದಿದರೆ ಓದಿಕೊಳ್ಳಲಿ.

ಮೇಲಿನ ಅಂತಸ್ತಿನಲ್ಲಿ ಒಬ್ಬ ಮಂಜಿನ ರಾಕ್ಷಸನಿದ್ದ. ನಾವು ಅವನಿಗೆ ಐಸ್ ಮಾಮ ಎಂದು ಹೆಸರಿಟ್ಟಿದ್ದೆವು. ಅವನ ಮೈಮೇಲೆ ಆಗಾಗ ಮಂಜಿನ ಕವಚ ಏರುತ್ತಿತ್ತು. ಕವಚ ಇದ್ದಾಗ ಕೊಂಡ ಹಾಕಿದರೆ ಅದು ತಿರುಗಿ ಬಂದು ನಮ್ಮನ್ನೇ ಸುಡುತ್ತಿತ್ತು. ಕವಚ ಒಡೆದಾಗ ಹಾಕಿದರೆ ಅವನ ಕಥೆ ಮುಗಿಯುತ್ತಿತ್ತು. ಅವನ ಎದುರಿಗೇ ನಿಂತಿರುವ ದಾನಿಶಣ್ಣನಿಗೆ ಮಾತ್ರ ಕವಚದ ಬಿರುಕು ಸರಿಯಾಗಿ ಕಾಣುತ್ತಿತ್ತು. ಹಾಗಾಗಿ ಯಾವಾಗ ಎಂದು ಅವನೇ ಕೂಗಿ ಹೇಳಬೇಕು.

ಒಂದು ಸಂಜೆ ಐಸ್ ಮಾಮ ಇನ್ನೇನು ಬಿದ್ದ ಎನ್ನುವ ಹಾಗಾಯಿತು. ಹುಮಾಳ ಕೊಂಡ ತಯಾರಾಗಿತ್ತು. ದಾನಿಶಣ್ಣ "ಬಿಡು! ಬಿಡು! ಬಿಡು!" ಎಂದು ಕಿರುಚಿದ. ಹುಮಾ ಬಿಟ್ಟಳು. ಕೊಂಡ ಹೋಗಿ ಕವಚಕ್ಕೆ ಬಡಿದು ತಿರುಗಿ ಬಂತು. ನಾವು ನಾಲ್ವರೂ ಬೂದಿ.

"ಬಿಡು ಅಂದ್ನಲ್ಲೇ!" ಎಂದು ದಾನಿಶಣ್ಣ ಎದ್ದು ನಿಂತ.

"ಬಿಟ್ನಲ್ಲೋ!" ಎಂದು ಹುಮಾನೂ ಎದ್ದಳು.

"ಬಿಡು ಅಂದ್ರೆ ಬ್ಯಾಡ ಅಂತ! ಕವಚ ಏರ್ತಾ ಐತೆ, ಬಿಟ್ಬಿಡು, ಹಾಕಬ್ಯಾಡ ಅಂತ!"

"ಗಾಳಿಪಟ ಬಿಡು ಅಂದ್ರೆ ಏನ್ ಮಾಡ್ತಿ ನೀನು, ಮಡಚಿ ಒಳಗಿಡ್ತಿಯೇನು? ಬಾಣ ಬಿಡು ಅಂದ್ರೆ ಬಿಲ್ಲು ಕೆಳಗಿಡ್ತಾರೇನು?"

"ಸಿಟ್ಟು ಬಿಡು ಅಂದ್ರೆ?" ಎಂದು ಚೌಡೇಶಣ್ಣ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ.

ನಾನು ನಕ್ಕು ನಕ್ಕು ಕುರ್ಚಿಯಿಂದ ಜಾರಿದ್ದೆ. ಅಣ್ಣ ತಂಗಿ ಆ ರಾತ್ರಿ ಊಟದ ತನಕ ಮಾತು ಬಿಟ್ಟಿದ್ದರಂತೆ. ಮರುದಿನ ಚೌಡೇಶಣ್ಣ ಕಟ್ಟಪ್ಪಣೆ ಮಾಡಿದ. ಇನ್ನು ಮೇಲೆ ಆಟದಲ್ಲಿ ಯಾರೂ ಆ ಮಾತು ಆಡಬಾರದು. ಮಂತ್ರ ಬೇಕಾದರೆ ಹಾಕು ಅನ್ನಬೇಕು, ಬೇಡವಾದರೆ ತಡಿ ಅನ್ನಬೇಕು. ಆಮೇಲೆ ಎಷ್ಟೋ ಸಲ ಐಸ್ ಮಾಮನ ಎದುರು ಹೋದೆವು, ಅವನು ಸಾಯಲಿಲ್ಲ. ಅಷ್ಟರಲ್ಲಿ ನನ್ನ ಮದುವೆಯಾಯಿತು, ದಾನಿಶಣ್ಣನಿಗೆ ರಾಣೆಬೆನ್ನೂರಿನ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಕೈಗೆ ಮೊಬೈಲ್ ಬಂದ ಜನ ಸೈಬರಿಗೆ ಬರುವುದು ನಿಂತು ಚೌಡೇಶಣ್ಣ ಅರ್ಜಿ ತುಂಬಿಕೊಡುವ ಸೇವಾ ಕೇಂದ್ರ ಮಾಡಿಕೊಂಡ. ಗೋಪುರ ಅಲ್ಲಿಗೇ ನಿಂತಿತು.

ಹುಮಾ ಅಪ್ಪನ ಜೊತೆ ಉಳಿದಳು. ಫೋಮಿನ ಹಾಸಿಗೆ ಬಂದು ಗಾದಿ ಕೇಳುವವರು ಕಡಿಮೆಯಾಗಿದ್ದರು. ಬಡೇಸಾಬ್ ಕಾಕಾ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದರು. ಅಂಗಡಿಯನ್ನು ಇವಳೇ ತೆಗೆದು ಇವಳೇ ಮುಚ್ಚುತ್ತಿದ್ದಳು. ಆ ಹೊತ್ತಿನಲ್ಲಿ ಮಳಿಗೆಯ ಮಾಲೀಕ ಬಂದು, ಹೊಸ ಕಟ್ಟಡ ಕಟ್ಟಬೇಕು, ಖಾಲಿ ಮಾಡಿ ಎಂದು ಕೂತ. ಹುಮಾ ಅಣ್ಣನಿಗೆ ಫೋನ್ ಮಾಡಿದಳು. ವಾರದೊಳಗೆ ಮಳಿಗೆ ಖಾಲಿಯಾಯಿತು, ಹಿಂಜುವ ಮಷಿನ್ ಲಾರಿ ಹತ್ತಿ ಹೋಯಿತು.

ದಾನಿಶಣ್ಣ ಮುಂದಿನ ಭಾನುವಾರ ಊರಿಗೆ ಬಂದಾಗ ಅಂಗಡಿಯ ಜಾಗದಲ್ಲಿ ಮುರಿದ ಗೋಡೆ ಕಂಡ. ಬೀದಿಯಲ್ಲೇ ಕೂಗಾಡಿದ. ನನಗೊಂದು ಮಾತು ಕೇಳದೆ ಅಪ್ಪನ ಅಂಗಡಿ ಕೊಟ್ಟುಬಿಟ್ಟಳು ಎಂದ. ಕೇಳಿದೆ, ಮಳಿಗೆ ಬಿಡು ಅಂತ ನೀನೇ ಹೇಳಿದೆ ಎಂದಳು ಹುಮಾ. "ಸುಳ್ಳು! ಮಳಿಗಿ ಖಾಲಿ ಮಾಡು ಅಂತ ನಾ ಯಾವಾಗ ಹೇಳಿದೆ? ಸುಳ್ಳು ಹೇಳ್ತಿಯಾ ನನ್ನ ಮುಂದ?" ಎಂದ ಅವನು. ಅಷ್ಟು ಜನರ ಎದುರಿಗೆ ಸುಳ್ಳಿ ಅನ್ನಿಸಿಕೊಂಡ ಹುಮಾ ಬಾಯಿ ಮುಚ್ಚಿದಳು. ಕೆಲವೇ ದಿನಗಳಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಬಂದ ಅಣ್ಣ ಗಂಡಸರ ನಡುವೆ ನಿಂತಿದ್ದು ಹಾಗೇ ಹೋದ. ನಲವತ್ತನೆಯ ದಿನದ ಪ್ರಾರ್ಥನೆ ಫಾತೆಹಾಕ್ಕೂ ಹಾಗೇ ಬಂದು ಹೋದ, ಆಮೇಲೆ ಅದೂ ಇಲ್ಲ. ಅವಳ ಮದುವೆಗೂ ಬರಲಿಲ್ಲ.

ಅವಳನ್ನು ಮದುವೆಯಾದ ಹಿದಾಯತ್ ಹರಿಹರದಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವವನು, ಒಳ್ಳೆಯವನು, ಮಾತಿಗಿಂತ ನಗು ಹೆಚ್ಚು. ಹರಿಹರದಿಂದ ಹೊಳೆಯ ಸೇತುವೆ ದಾಟಿ ಸ್ವಲ್ಪ ಹೋದರೆ ರಾಣೆಬೆನ್ನೂರು. ಅಷ್ಟು ಹತ್ತಿರ. ಅಣ್ಣ ಒಂದು ಸಲವೂ ಈ ದಡಕ್ಕೆ ಬರಲಿಲ್ಲ. ಇವಳು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಆರು ವರ್ಷ ಹೀಗೇ ಕಳೆಯಿತು. ನಾನಂತೂ ದಾನಿಶನನ್ನು ಮನಸಾರೆ ಶಪಿಸಿದ್ದೇನೆ. ಅಣ್ಣ ಎಂದು ಕರೆಯುವುದನ್ನೂ ಬಿಟ್ಟಿದ್ದೆ.

ಹೋದ ವರ್ಷ ಚೌಡೇಶಣ್ಣನ ಫೋನ್ ಬಂತು. "ಏನವ್ವಾ ರೇವತಿ, ಗೋಪುರ ಮುಚ್ತಾರಂತೆ. ಈ ತಿಂಗ್ಳೇ ಕೊನೆ. ಆಮ್ಯಾಲೆ ಯಾರೂ ಒಳಗ ಹೋಗಾಕ ಬರಲ್ಲ. ನಮ್ಮ ನಾಕು ಜನದ ಹೆಸರು ಹಂಗೇ ಅದಾವು ನೋಡು, ನಿನ್ನೆ ತೆಗೆದು ನೋಡ್ದೆ, ಕಣ್ಣಾಗ ನೀರು ಬಂತು." ಐಸ್ ಮಾಮನ ಎದುರು ಕೊನೆಯದಾಗಿ ಒಮ್ಮೆ ಹೋಗೋಣ ಎಂಬುದು ಅವನ ಆಸೆ.

ನಾನು ಹುಮಾಳಿಗೆ ಹೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದ ದಾರ ತೆಗೆದಳು. "ದಾನಿಶಣ್ಣ ಬರ್ತಾನಂತಾ?"

"ನಿಂಗೆ ಐಸ್ ಮಾಮ ಸಾಯೋದು ಬ್ಯಾಡೇನೇ?"

"ಅವ್ನು ಸತ್ತರೆಷ್ಟು ಉಳಿದ್ರೆಷ್ಟು. ಅಣ್ಣ ಒಂದ್ ಮಾತು ಆಡ್ಬೇಕು ರೇವತಿ. ಬೈಲಿ ಬೇಕಾದ್ರೆ. ನಾ ಸುಳ್ಳಿ ಅಲ್ಲ ಅಂತ ಅವ್ನಿಗೆ ಗೊತ್ತಾಗ್ಬೇಕು. ಈ ಆಟನೂ ಮುಚ್ಚಿದ್ರೆ ನಾವಿಬ್ರೂ ಒಂದ್ ಕಡೆ ಸೇರೋ ಜಾಗ ಯಾವ್ದೂ ಉಳಿಯಂಗಿಲ್ಲ."

ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಚೌಡೇಶಣ್ಣ ರಾಣೆಬೆನ್ನೂರಿಗೇ ಹೋಗಿ ದಾನಿಶನನ್ನು ಒಪ್ಪಿಸಿದ. ಅವನದು ಒಂದು ಷರತ್ತು. ಆಟದ ಮಾತು ಮಾತ್ರ, ಬೇರೆ ಮಾತು ಎತ್ತಿದರೆ ಆ ಕ್ಷಣವೇ ಎದ್ದು ಹೋಗುತ್ತೇನೆ.

ದಾನಿಶ ರಾಣೆಬೆನ್ನೂರಿನಿಂದಲೇ, ಚೌಡೇಶಣ್ಣ ತನ್ನ ಸೇವಾ ಕೇಂದ್ರದಿಂದ ಆಡುವುದು ಎಂದಾಯಿತು. ಭಾನುವಾರ ಮಧ್ಯಾಹ್ನ ನಾನು ಮಗಳ ಲ್ಯಾಪ್‌ಟಾಪ್ ಹಿಡಿದು ಹರಿಹರಕ್ಕೆ ಹೋದೆ. ಹಿದಾಯತ್ ಗ್ಯಾರೇಜಿಗೆ ಬೀಗ ಹಾಕಿ, ಯಾರಿಂದಲೋ ಹಳೆಯ ಕಂಪ್ಯೂಟರ್ ತಂದು ಕೌದಿಗಳ ನಡುವೆ ಜೋಡಿಸಿದ್ದ. ಸೂಜಿ ಚುಚ್ಚಿ ಗಾಯವಾಗಿದ್ದ ಬೆರಳಿಗೆ ಹುಮಾ ಬಟ್ಟೆ ಸುತ್ತಿಕೊಂಡಿದ್ದಳು. ಇಬ್ಬರೂ ಹೆಡ್‌ಫೋನ್ ಹಾಕಿದೆವು. ಪರದೆಯ ಮೇಲೆ ನಮ್ಮ ನಾಲ್ಕೂ ಬೊಂಬೆಗಳು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದವು, ಬಟ್ಟೆ ಕೂಡ ಮಾಸಿರಲಿಲ್ಲ.

"ಎಲ್ರೂ ಇದೀರಾ?" ಎಂದಿತು ಒಂದು ಗಂಟಲು. ದಾನಿಶನದೇ. ಸ್ವಲ್ಪ ದಪ್ಪವಾಗಿತ್ತು, ಕೆಮ್ಮು ಸೇರಿತ್ತು. ಥೇಟ್ ಬಡೇಸಾಬ್ ಕಾಕಾನ ಗಂಟಲು. ಹುಮಾ ಕಣ್ಣು ಮುಚ್ಚಿಕೊಂಡಳು. "ಮದ್ದಿನವ್ರು ರೆಡಿನಾ? ಬಾಣದವ್ರು? ಮಂತ್ರದವ್ರು?" ಎಂದ. ತಂಗಿಗೆ ಮಂತ್ರದವರಂತೆ! ನಾನು ಬಾಯಿ ತೆರೆದೆ, ಹುಮಾ ನನ್ನ ಕೈ ಅದುಮಿದಳು.

"ರೆಡಿ" ಎಂದಳು.

ಮೊದಲ ಸಲ ಒಳಗೆ ಕಾಲಿಟ್ಟ ಕೂಡಲೇ ಸತ್ತೆವು. ನನ್ನ ಕೈ ಹುಬ್ಬು ತಿದ್ದುವುದಕ್ಕೆ ಪಳಗಿದ್ದು, ಗುಂಡಿಗಳೇ ಮರೆತುಹೋಗಿದ್ದವು. ಎರಡನೆಯ ಸಲ ಚೌಡೇಶಣ್ಣ ಕನ್ನಡಕ ಹುಡುಕುತ್ತ ಸತ್ತ. ಆಮೇಲಾಮೇಲೆ ಕೈ ಕೂತಿತು. ಹುಮಾಳದು ಮಾತ್ರ ಎಂದೂ ಎದ್ದು ಹೋಗಿರಲಿಲ್ಲವೋ ಏನೋ. ಕಿಚ್ಚು ಹಚ್ಚಿದಳು, ಕೆಂಡ ಎಸೆದಳು, ಸಿಡಿ ಹುಟ್ಟಿದ ಕೂಡಲೇ ಹಾಕಿದಳು, ಕಿಚ್ಚು ಆರುವ ಮುಂಚೆ ಮತ್ತೆ ಹಚ್ಚಿದಳು. ಬಟ್ಟೆ ಸುತ್ತಿದ ಬೆರಳು ಒಮ್ಮೆಯೂ ತಡವರಿಸಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಹಿದಾಯತ್ ಹೆಂಡತಿಯನ್ನು ಹೊಸದಾಗಿ ಕಂಡವನ ಹಾಗೆ ಬಾಗಿಲಲ್ಲಿ ನಿಂತುಬಿಟ್ಟಿದ್ದ.

ಐಸ್ ಮಾಮನ ಜೀವ ಇಳಿಯುತ್ತ ಬಂತು. ಇಷ್ಟು ಕೆಳಗೆ ನಾವು ಅವನನ್ನು ಎಂದೂ ಇಳಿಸಿರಲಿಲ್ಲ. ಕೊಂಡ ತಯಾರಾಯಿತು. ದಾನಿಶನ ಉಸಿರು ನಮಗೆಲ್ಲ ಕೇಳುತ್ತಿತ್ತು. ಮಂಜು ಕಟಕಟ ಅಂದಿತು, ಕವಚ ಒಡೆಯುತ್ತಿದೆಯೋ ಏರುತ್ತಿದೆಯೋ ನಮಗೆ ಕಾಣದು. ಅವನು ಎಲ್ಲ ಮರೆತು ಕಿರುಚಿದ.

"ಬಿಡು! ಬಿಡು! ಬಿಡು!"

ಹುಮಾಳ ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಲಿಲ್ಲ, ತೆಗೆಯಲೂ ಇಲ್ಲ.

"ಯಾವ ಬಿಡು?" ಎಂದಳು.

"ಹಾಂ?"

"ಯಾವ ಬಿಡು ಅಣ್ಣಾ? ಹಾಕು ಅಂತಲೋ, ಬ್ಯಾಡ ಅಂತಲೋ? ಬಿಡಿಸಿ ಹೇಳು."

ದಾನಿಶನ ಗುರಾಣಿಯವನು ಆಡುವುದನ್ನೇ ನಿಲ್ಲಿಸಿ ಸುಮ್ಮನೆ ನಿಂತ. ಐಸ್ ಮಾಮ ಅವನನ್ನು ಕೆಡವಿ, ನನ್ನ ಮೇಲೆ ಬಂದು, ಚೌಡೇಶಣ್ಣನನ್ನು ತುಳಿದು, ಕೊನೆಗೆ ಹುಮಾಳನ್ನು ಮುಗಿಸಿದ. ಪರದೆ ಬೂದು ಬಣ್ಣಕ್ಕೆ ತಿರುಗಿತು. ಯಾರೂ ಬೈಯಲಿಲ್ಲ.

ಮೊದಲು ಮಾತಾಡಿದವನು ದಾನಿಶ್. "ಹುಮಾ, ಅವತ್ತು ಮಳಿಗಿ ಬಗ್ಗೆ ಫೋನ್ ಮಾಡಿದ್ಯಲ್ಲ. ನಾ ಏನಂದೆ? ನಾ ಆಡಿದ್ದ ಮಾತೇ ಹೇಳು."

"ಮಾಲೀಕರು ಮಳಿಗಿ ಬಿಡ್ರಿ ಅಂತ ಕುಂತಾರ, ಏನ್ ಮಾಡ್ಲಿ ಅಣ್ಣಾ ಅಂದೆ. ಏ, ಬಿಡು ಹುಮಾ ಅಂದಿ. ಫೋನ್ ಇಟ್ಟಿ."

"ಗಿರಣಿ ಒಳಗಿದ್ದೆ. ಮಷಿನ್ ಸದ್ದು" ಎಂದ. "ಏ ಬಿಡು, ಅವ್ನು ಹಂಗೇ ಅಂತಾನ, ತಲಿ ಕೆಡಿಸ್ಕೋಬ್ಯಾಡ ಅಂತ ನನ್ನ ಮನಸ್ನಾಗೆ. ಮಳಿಗಿ ಬಿಡು ಅಂತಲ್ಲ."

"ನಂಗ ಮಳಿಗಿ ಬಿಡು ಅಂತ ಕೇಳ್ತು."

ನಾನು ಹಣೆ ಬಡಿದುಕೊಂಡೆ. ಆಟದಲ್ಲಿ ಆ ಮಾತಿಗೆ ಬಹಿಷ್ಕಾರ ಹಾಕಿದ್ದವರು ನಾವೇ. ಹಾಕಿ ಮನೆಗೆ ಹೋಗಿ ದಾರಿ ಬಿಡು, ನೀರು ಬಿಡು, ಚಿಂತೆ ಬಿಡು ಎಂದು ದಿನಕ್ಕೆ ಹತ್ತು ಸಲ ಆಡುತ್ತಿದ್ದೆವು. ಅವಳು ಹೇಳಿದ್ದು ನಿಜ, ಅವನು ಹೇಳಿದ್ದೂ ನಿಜ. ಆರು ವರ್ಷ ನಾನು ಒಬ್ಬನನ್ನು ಸುಳ್ಳ ಎಂದು ಬೈದಿದ್ದೆ, ಅವನು ಇವಳನ್ನು ಬೈದಿದ್ದ.

"ಇನ್ನೊಂದ್ ಸಲ ಹೋಗೋಣೇನ್ರೋ? ಹೊತ್ತೈತೆ" ಎಂದ ಚೌಡೇಶಣ್ಣ ಮೆಲ್ಲಗೆ.

"ಬ್ಯಾಡ. ನಾ ಹೊಂಟೆ" ಎಂದ ದಾನಿಶ್. ಅವನ ಹೆಸರಿನ ಮುಂದಿದ್ದ ಹಸಿರು ಚುಕ್ಕೆ ಆರಿತು.

"ಹೋದ" ಎಂದಳು ಹುಮಾ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವಳ ಮುಖ ನೋಡಲಾಗಲಿಲ್ಲ. ನಾನು ಎದ್ದು ಅವನ ವಂಶವನ್ನೆಲ್ಲ ಜಾಲಾಡಿದೆ. ತಪ್ಪು ತಿಳಿಯಿತಲ್ಲ, ಒಂದು ಒಳ್ಳೆ ಮಾತು ಆಡಿ ಹೋಗಲು ಏನಾಗಿತ್ತು ಎಂದು ಕೂಗಿದೆ. ಹಿದಾಯತ್ ಚಹಾ ತಂದಿಟ್ಟ. ಯಾರೂ ಮುಟ್ಟಲಿಲ್ಲ. ಚಹಾಕ್ಕೆ ಕೆನೆ ಕಟ್ಟಿತು. ಹುಮಾ ಅರ್ಧ ಹೊಲಿದಿದ್ದ ಕೌದಿಯನ್ನು ಎಳೆದುಕೊಂಡು ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಓಣಿಯಲ್ಲಿ ಒಂದು ಬೈಕು ನಿಂತಿತು. ಗ್ಯಾರೇಜಿನ ಗಿರಾಕಿ ಇರಬೇಕೆಂದು ಹಿದಾಯತ್ ಹೊರಗೆ ಹೋದವನು, ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದ. "ಒಳಗ ಬರ್ರಿ ಭಾವ" ಎಂದ.

ಹೊರಟೆ ಎಂದದ್ದು ಇಲ್ಲಿಗಂತೆ. ನಾವು ಅದನ್ನೂ ಉಲ್ಟಾ ಕೇಳಿಸಿಕೊಂಡು ಕೂತಿದ್ದೆವು.

ದಾನಿಶಣ್ಣ ಒಳಗೆ ಬರಲಿಲ್ಲ. ತಲೆಗೂದಲು ನರೆತಿತ್ತು, ಕಿವಿಯ ಕೂದಲಲ್ಲಿ ಗಿರಣಿಯ ಹತ್ತಿ ಸಿಕ್ಕಿಕೊಂಡಿತ್ತು. ಹುಮಾ ಎದ್ದು ನಿಂತಳು. ಕ್ಷಮೆ ಕೇಳುತ್ತಾನೆ ಎಂದು ನಾನು ಕಾದೆ. ಅವನು ಕೇಳಿದ್ದು ಬೇರೆ.

"ಮಳಿಗಿ ಹೋತು ಅಂದಾಗ ಅಪ್ಪ ಏನಂದ, ಹುಮಾ?"

ಅಷ್ಟು ವರ್ಷ ಅವನು ಸೇತುವೆ ದಾಟದೆ ಉಳಿದದ್ದು ಸಿಟ್ಟಿನಿಂದ ಎಂದು ನಾನು ತಿಳಿದಿದ್ದೆ. ಸಿಟ್ಟಿಗಿಂತ ಇದನ್ನು ಕೇಳುವ ಹೆದರಿಕೆಯೇ ಹೆಚ್ಚಿತ್ತು ಎಂದು ಅವನ ಮುಖ ನೋಡಿದಾಗ ಅರ್ಥವಾಯಿತು. ಅಂಗಡಿ ಕಳೆದುಕೊಂಡ ಸಂಕಟದಲ್ಲೇ ಅಪ್ಪ ಹೋದ ಎಂದು ಒಳಗೊಳಗೇ ನಂಬಿ ಕೂತಿದ್ದ.

"ದಾನ್ಯಾನ್ನ ಕೇಳಿದ್ಯಾ ಅಂದ" ಎಂದಳು ಹುಮಾ. "ಕೇಳಿದೆ ಅಪ್ಪಾ ಅಂದೆ. ನೀವಿಬ್ರೂ ಮಾತಾಡ್ಕೊಂಡು ಮಾಡೀರಿ ಅಂದ್ಮ್ಯಾಲೆ ಸರಿ ಐತೆ, ನಂದೇನೂ ಇಲ್ಲ ಅಂದ. ಆಮ್ಯಾಲೆ ಮಗ್ಗಲು ತಿರುಗಿ ನಿದ್ದಿ ಮಾಡಿದ."

ದಾನಿಶಣ್ಣ ಹೊಸ್ತಿಲಲ್ಲೇ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಓಣಿಯ ಜನ ನೋಡುತ್ತಿದ್ದರೂ ಲೆಕ್ಕಿಸದೆ, ಸಣ್ಣ ಹುಡುಗನ ಹಾಗೆ ಅತ್ತ. ಬೀದಿಯ ಜಗಳ ಕಿವಿಗೆ ಬೀಳದೆ, ಮಕ್ಕಳಿಬ್ಬರೂ ಮಾತಾಡಿಕೊಂಡಿದ್ದಾರೆ ಎಂಬ ನೆಮ್ಮದಿಯಲ್ಲೇ ಬಡೇಸಾಬ್ ಕಾಕಾ ಹೋಗಿದ್ದರು. ಹುಮಾ ಹೋಗಿ ಅವನ ಪಕ್ಕ ಕೂತು, ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.